ಹನ್ನೆರಡನೆಯ ಫೋಟೋದ ಜಾಗ

"ರೀ ಸಾರ್! ಚಿಗುರು ತುಳೀತಿದ್ದೀರಿ!"

ಜನನಿ ಕೂಗಿದ ಜೋರಿಗೆ ಆ ಮನುಷ್ಯ ಬೆಚ್ಚಿಬಿದ್ದು ಇನ್ನೂ ಎರಡು ಗಿಡ ತುಳಿದ. ಕೈಯಲ್ಲೊಂದು ಹಳೆಯ ಫೋಟೋ, ಕೊರಳಲ್ಲಿ ಕ್ಯಾಮೆರಾ, ಕಣ್ಣು ಎದುರಿನ ಗುಡ್ಡದ ಮೇಲೆ. ಯಾರೋ ಸರ್ವೆಯವನು, ತಮ್ಮ ಅರ್ಧ ಎಕರೆ ಟೀ ತೋಟಕ್ಕೆ ಗಂಡಾಂತರ ಬಂತು ಎಂದುಕೊಂಡು ಅವಳು ಕಿತ್ತ ಟೀ ಎಲೆಯ ಲೀಫ್ ಚೀಲ ಕೆಳಗಿಟ್ಟು ದಾಪುಗಾಲು ಹಾಕುತ್ತ ಇಳಿದಳು.

"ಯಾವ ಆಫೀಸು ನೀವು?"

"ಆಫೀಸಿಲ್ಲ. ಗೂಡಲೂರಲ್ಲಿ ಸ್ಟುಡಿಯೋ ಇದೆ. ಮದುವೆ ಫೋಟೋ, ಪಾಸ್‌ಪೋರ್ಟ್ ಸೈಜು..."

"ಇಲ್ಲಿ ಯಾರ ಮದುವೆ?"

"ಸದ್ಯಕ್ಕೆ ಯಾರದೂ ಇಲ್ಲ," ಎಂದ ಅವನು ಪೆಚ್ಚಾಗಿ. ಅವಳಿಗೆ ನಗು ತಡೆಯಲಾಗಲಿಲ್ಲ. ಬೈಯಲು ಬಂದವಳು ನಕ್ಕುಬಿಟ್ಟರೆ ಮುಂದೆ ಬೈಯುವುದು ಕಷ್ಟ.

ಅವನ ಹೆಸರು ಸುಂದರ್. ತಾಯಿ ಗುಂಡ್ಲುಪೇಟೆಯವರಾದ್ದರಿಂದ ಮನೆಮಾತು ಕನ್ನಡ. ರೈಲಿನ ಹುಚ್ಚಿನ ವಿದೇಶಿ ಮುದುಕರೊಬ್ಬರು ನಲವತ್ತು ವರ್ಷದ ಹಿಂದೆ ಇಲ್ಲಿ ತೆಗೆದ ಹನ್ನೆರಡು ಚಿತ್ರಗಳನ್ನು ಅವನಿಗೆ ಕಳಿಸಿದ್ದರು. ಎಲ್ಲದರಲ್ಲೂ ಹೊಗೆ ಉಗುಳುವ ಇಂಜಿನ್. ಈಗ, 2003ರಲ್ಲಿ, ಕೂನೂರು-ಊಟಿ ನಡುವಿನ ಈ ಕೆತ್ತಿಗೆ ಬರುವುದು ಡೀಸೆಲ್. ಹೊಗೆ ಇಂಜಿನ್ ಕೂನೂರಿಗೇ ನಿಲ್ಲುತ್ತದೆ. ತಾನು ನಿಂತ ಜಾಗದಲ್ಲೇ ನಿಂತು ಇವತ್ತಿನ ಚಿತ್ರ ತೆಗೆದುಕೊಡು ಎಂಬುದು ಮುದುಕರ ಕೋರಿಕೆ. ಬುಧವಾರ ಸ್ಟುಡಿಯೋಗೆ ರಜಾ. ಅವನು ಬುಧವಾರ ಬುಧವಾರ ಬಸ್ಸು ಹತ್ತಿ ಬರತೊಡಗಿದ.

ದಾರಿ ತೋರಿಸುವ ಕೆಲಸ ಜನನಿಯ ಪಾಲಿಗೆ ಬಂತು. ಹಟ್ಟಿಯವರು ಮಾತಾಡಿಕೊಳ್ಳಬಾರದೆಂದು ಹೆತ್ತೆ, ಅಂದರೆ ಅವಳ ಅಜ್ಜಿ ಲಿಂಗಿ, ಬಿಳಿ ಸೀರೆ ಹೊದ್ದು ಹಿಂದೆಯೇ ಬಂದು ಬದುವಿನ ಮೇಲೆ ಕೂರುತ್ತಿದ್ದಳು. ಕೂತ ಐದೇ ನಿಮಿಷಕ್ಕೆ ತೂಕಡಿಸುತ್ತಿದ್ದಳು. ಇವರು ಬೆಟ್ಟದ ಬಡಗ ಜನ; ಇವರ ಬಡಗ ಮಾತು ಅವನಿಗೆ ಅರ್ಧ ಅರ್ಥವಾಗುತ್ತಿತ್ತು, ಅವನ ಕನ್ನಡ ಇವಳಿಗೆ ಮುಕ್ಕಾಲು. ಉಳಿದದ್ದಕ್ಕೆ ತಮಿಳು ಇತ್ತು.

"ಮರ ನಂಬಬಾರದು, ಮನೆ ನಂಬಬಾರದು. ಗುಡ್ಡದ ನೆತ್ತಿ ಮಾತ್ರ ನಂಬಬೇಕು," ಎನ್ನುತ್ತ ಅವನು ಫೋಟೋವನ್ನು ಕೈಚಾಚಿ ಹಿಡಿಯುತ್ತಿದ್ದ. ಕಾಗದದ ಗುಡ್ಡ ನಿಜವಾದ ಗುಡ್ಡದ ಮೇಲೆ ಸರಿಯಾಗಿ ಕೂರುವ ತನಕ ಹೆಜ್ಜೆ ಹೆಜ್ಜೆ ಸರಿಯಬೇಕು. ಕೂತಿತೋ ಇಲ್ಲವೋ ಎಂದು ನೋಡಲು ಅವಳು ಅವನ ಭುಜದ ಪಕ್ಕ ತಲೆ ತರಬೇಕು. ಆಗ ಅವನು ಗುಡ್ಡ ಬಿಟ್ಟು ಅವಳ ಕೆನ್ನೆ ನೋಡುತ್ತಿದ್ದ. ಅವಳು ತಿರುಗಿದರೆ ತಟ್ಟನೆ ಗುಡ್ಡ.

"ಗುಡ್ಡ ಅಲ್ಲಿದೆ," ಎನ್ನುತ್ತಿದ್ದಳು.

"ಅದನ್ನೇ ನೋಡ್ತಿದ್ದೆ."

ಮೊದಲ ವಾರ ಅವನೊಂದು ಪೆದ್ದು ತಪ್ಪು ಮಾಡಿದ್ದ. ಇಂಜಿನ್ ಮುಂದಿರುತ್ತದೆ, ಆದ್ದರಿಂದ ಚಿತ್ರದಲ್ಲಿ ಇಂಜಿನ್ ಇರುವ ಕಡೆ ಊಟಿ ಎಂದುಕೊಂಡು ಊಟಿ ಕಡೆಯ ಲವ್‌ಡೇಲ್ ದಾರಿಯಲ್ಲಿ ಸುಮ್ಮನೆ ಮೂರು ಮೈಲಿ ನಡೆದಿದ್ದ. ಜನನಿ ಹೊಟ್ಟೆ ಹಿಡಿದು ನಕ್ಕಿದ್ದಳು.

"ಊಟಿಗೆ ಹತ್ತುವಾಗ ನಮ್ಮ ಇಂಜಿನ್ ಎಳೆಯಲ್ಲ ಸಾರ್, ಹಿಂದಿನಿಂದ ತಳ್ಳುತ್ತೆ! ಇಂಜಿನ್ ಯಾವಾಗಲೂ ಇಳಿಜಾರಿನ ಕಡೆ. ಇಂಜಿನ್ ಇರೋ ಕಡೆ ಕೂನೂರು."

ಆಮೇಲೆ ಅವನು ಒಂದು ಸಲವೂ ತಪ್ಪಲಿಲ್ಲ. ಹನ್ನೊಂದು ಜಾಗ ಸಿಕ್ಕವು. ಹನ್ನೆರಡನೆಯದರಲ್ಲಿ ಮಾತ್ರ ಗುಡ್ಡದ ನೆತ್ತಿಯನ್ನೆಲ್ಲ ಹೊಗೆ ನುಂಗಿತ್ತು. ಕಾಣುತ್ತಿದ್ದುದು ಹಳಿಯ ಪಕ್ಕದ ಒಂದು ಬಂಡೆ, ನಡುವೆ ಸೀಳಿದ್ದು.

ಜನನಿಗೆ ಮೊದಲ ದಿನವೇ ಗೊತ್ತಾಗಿತ್ತು. ಅವರ ತೋಟದಿಂದ ಇಪ್ಪತ್ತೇ ಹೆಜ್ಜೆ ಮೇಲೆ, ನೀಲಗಿರಿ ಮರಗಳ ಮರೆಯಲ್ಲಿ ಆ ಬಂಡೆ ಇನ್ನೂ ಇತ್ತು. ಆದರೂ "ಗೊತ್ತಿಲ್ಲ ಸಾರ್" ಅಂದುಬಿಟ್ಟಳು. ಯಾಕೆ ಹಾಗಂದೆನೋ ಅವಳಿಗೇ ತಿಳಿಯಲಿಲ್ಲ. ಹೇಳಿದರೆ ಅವನ ಕೆಲಸ ಮುಗಿಯುತ್ತದೆ, ಬುಧವಾರಗಳೂ ಮುಗಿಯುತ್ತವೆ. ಹೇಳದಿದ್ದರೆ ಸುಳ್ಳು. ಅವನು ಬರುವುದು ಬಂಡೆಗಾಗಿಯೋ ತನಗಾಗಿಯೋ? ಚಿಗುರು ಕೀಳುತ್ತ ಇದನ್ನೇ ಯೋಚಿಸಿ ಯೋಚಿಸಿ ಅವಳು ಬಲಿತ ಎಲೆಗಳನ್ನೂ ಚೀಲಕ್ಕೆ ಹಾಕಿದಳು. ಲೀಫ್ ಕೊಳ್ಳುವವರು ಅಪ್ಪ ಧರ್ಮಲಿಂಗಂ ಅವರಿಗೆ ನಾಲ್ಕು ಮಾತು ಅಂದರು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಭಾನುವಾರ ಕುಂದಾ ಕಡೆಯ ಹಟ್ಟಿಯಿಂದ ಅವಳನ್ನು ನೋಡಲು ಬರುತ್ತಾರೆ. ಒಳ್ಳೆಯ ಮನೆ. ಬೇಡ ಅನ್ನಲು ಅವಳ ಬಳಿ ಕಾರಣವಿರಲಿಲ್ಲ. ಇದ್ದ ಒಂದು ಕಾರಣ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಆ ವಾರದ ಬುಧವಾರ ಸುಂದರ್ ಹನ್ನೆರಡನೆಯ ಫೋಟೋ ಹಿಡಿದು ಗಂಭೀರವಾಗಿ ನಿಂತ.

"ಇಂಜಿನ್ ಎಡಕ್ಕಿದೆ. ಅಂದ್ರೆ ಎಡಕ್ಕೆ ಊಟಿ. ಲವ್‌ಡೇಲ್ ಕಡೆ ಹುಡುಕೋಣ."

ಜನನಿ ಹತ್ತು ಹೆಜ್ಜೆ ಹೋದವಳು ಗಕ್ಕನೆ ನಿಂತಳು. ಇಷ್ಟು ದಿನ ತಪ್ಪದವನಿಗೆ ಇವತ್ತೇನಾಯಿತು? ಮರೆತನೇ? ಅಥವಾ?

"ಎಡಕ್ಕೆ ಕೂನೂರು. ನಿಮಗೆ ಚೆನ್ನಾಗಿ ಗೊತ್ತು."

ಅವನ ಕಿವಿ ಕೆಂಪಾಯಿತು.

"ಬಂಡೆ ಎಲ್ಲಿದೆ ಅಂತಾನೂ ಗೊತ್ತು," ಎಂದ ಮೆಲ್ಲಗೆ. "ಹೋದ ತಿಂಗಳೇ ನಿಮ್ಮ ಹೆತ್ತೆ ತೋರಿಸಿದ್ರು. ಫೋಟೋ ತೆಗೆದ್ರೆ ಕೆಲಸ ಮುಗೀತಿತ್ತಲ್ಲ, ಅದಕ್ಕೇ ಹುಡುಕ್ತಾ ಇದ್ದೆ."

"ಸಿಕ್ಕಿದ್ದನ್ನ ಹುಡುಕ್ತಿದ್ರಾ?"

"ನೀವು ಗೊತ್ತಿದ್ದೂ ಗೊತ್ತಿಲ್ಲ ಅನ್ನಲಿಲ್ವಾ?"

ಇಬ್ಬರಿಗೂ ಮುಖ ಎತ್ತಲು ನಾಚಿಕೆ. ಅವಳಿಗೆ ಕುಣಿಯುವಷ್ಟು ಖುಷಿ, ಅದರ ಬೆನ್ನಿಗೇ ಅಳು.

"ಭಾನುವಾರ ನನ್ನನ್ನ ನೋಡೋಕೆ ಬರ್ತಾರೆ. ಹತ್ತು ಗಂಟೆಗೆ."

ಸುಂದರ್ ಸ್ಟ್ಯಾಂಡು ಹೆಗಲಿಗೇರಿಸಿದ. ಬಂಡೆಯ ಹತ್ತಿರ ಹೋದ, ಫೋಟೋ ತೆಗೆದ, ಸ್ಟ್ಯಾಂಡು ಮಡಚಿದ. "ಆಯ್ತು," ಅಂದು ಬಸ್ಸಿಗೆ ಹೋದ.

ಆಯ್ತು ಅಂದರೇನು? ಕೆಲಸ ಆಯಿತೇ? ಎಲ್ಲವೂ ಆಯಿತೇ? ಅವಳಿಗೆ ಅವನ ಮೇಲೆ ಮೈಯುರಿಯುವಷ್ಟು ಕೋಪ ಬಂತು. ಗುರುವಾರ ಅವನನ್ನು ಬೈದಳು, ಶುಕ್ರವಾರ ತನ್ನನ್ನು, ಶನಿವಾರ ಮೂಗಿನ ತುದಿ ಕೆಂಪಾಗುವಷ್ಟು ಅತ್ತಳು. ಈರುಳ್ಳಿ ಹೆಚ್ಚಿದೆ ಎಂದು ಅಪ್ಪನಿಗೆ ಸುಳ್ಳು ಹೇಳಿದಳು.

ಭಾನುವಾರ ಎಂಟು ಗಂಟೆಗೆ ಇಸ್ತ್ರಿ ಶರ್ಟು ತೊಟ್ಟ ಸುಂದರ್ ಅಂಗಳದಲ್ಲಿ ನಿಂತಿದ್ದ. ಕ್ಯಾಮೆರಾ ತಂದಿರಲಿಲ್ಲ. ಕೋಲೂರಿ ಬಾಗಿಲಿಗೆ ಬಂದ ಹೆತ್ತೆಯ ಮುಂದೆ ಹೋಗಿ ತಲೆ ಬಾಗಿದ.

ಹಟ್ಟಿಯಲ್ಲಿ ಕಿರಿಯರು ಹಿರಿಯರಿಗೆ ತಲೆಬಾಗುವುದು, ಅವರು ನೆತ್ತಿಯ ಮೇಲೆ ಕೈಯಿಟ್ಟು ಹರಸುವುದು ದಿನದ ರೂಢಿ. ಬರಿಯ ನಮಸ್ಕಾರವೂ ಇರಬಹುದು. ಜನನಿ ಜಗಲಿಯ ಕಂಬ ಹಿಡಿದು ನೋಡುತ್ತಿದ್ದಳು. ಹೆತ್ತೆಯ ಬಲಗೈ ಅವನ ತಲೆಯವರೆಗೂ ಬಂದು ಗಾಳಿಯಲ್ಲೇ ನಿಂತಿತು.

"ಏನಕ್ಕೆ ಬಾಗಿದೆ ತಮ್ಮಾ? ಬಂದೆ ಅಂತ ಹೇಳೋಕಾ, ಹೋಗ್ತೀನಿ ಅಂತ ಹೇಳೋಕಾ?"

"ಎರಡೂ ಅಲ್ಲ ಹೆತ್ತೆ. ಜನನೀನ ಕೇಳೋಕೆ."

"ನೀ ನಮ್ಮ ಜನ ಅಲ್ಲವಲ್ಲ."

"ಅಲ್ಲ," ಎಂದ ಅವನು. ತಲೆ ಎತ್ತಲಿಲ್ಲ.

ಒಳಗಿನಿಂದ ಬಂದ ಧರ್ಮಲಿಂಗಂ, "ಅಮ್ಮೆ, ಹತ್ತಕ್ಕೆ ಅವರು ಬರ್ತಾರೆ, ಕಾರು ಹೊರಟಿರ್ತದೆ," ಎಂದು ತಡವರಿಸಿದರು.

ಹೆತ್ತೆ ಮೊಮ್ಮಗಳ ಕಡೆ ತಿರುಗಿದಳು. "ಹೆಣ್ಣೇ, ನೀ ಹೇಳು."

ಅಪ್ಪ ಏನನ್ನುತ್ತಾರೆ, ಹಟ್ಟಿ ಏನನ್ನುತ್ತದೆ, ಗೂಡಲೂರಿನಲ್ಲಿ ತಾನು ಹೇಗಿರುತ್ತೇನೆ, ಜನನಿಗೆ ಒಂದೂ ಗೊತ್ತಿರಲಿಲ್ಲ. ಈ ಮನುಷ್ಯ ಬೇಕು ಎನ್ನುವುದು ಮಾತ್ರ ಗೊತ್ತಿತ್ತು. ಅವಳು ಜಗಲಿಯಿಂದ ಇಳಿದಳು. ಅಂಗಳ ದಾಟಿ ಅವನ ಪಕ್ಕದಲ್ಲಿ ನಿಂತು ತಾನೂ ತಲೆ ಬಾಗಿದಳು.

ಹೆತ್ತೆ ಬಾಗಿದ ಎರಡು ತಲೆಗಳನ್ನೂ ನೋಡಿದಳು. ಎಡಗೈಯಲ್ಲಿ ಕೋಲಿತ್ತು, ಖಾಲಿಯಿದ್ದದ್ದು ಒಂದೇ ಕೈ.

"ಹಿಡಿ ಇದನ್ನ," ಎಂದು ಕೋಲನ್ನು ಮಗನ ಕೈಗೆ ತುರುಕಿ, ಎರಡು ಕೈಗಳನ್ನೂ ಆ ಎರಡು ತಲೆಗಳ ಮೇಲೆ ಇಟ್ಟಳು.