ನೊರೆ ಬಂದ ನೀರು

ಕಲ್ಲವ್ವ ಸತ್ತು ಬಿದ್ದಿದ್ದು ತನ್ನ ಬಾವಿಯ ಕಟ್ಟೆಯ ಮೇಲೆ. ಕೈಯಲ್ಲಿ ತಂಬಿಗೆ. ಸೀರೆಯ ತುಂಬ ವಾಂತಿ. ಹಿಂದಿನ ದಿನವಷ್ಟೇ ಆ ಬಾವಿಯ ಹೂಳು ತೆಗೆಸಿದ್ದಳು.

ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ನನ್ನ ಬೀಗರಿದ್ದಾರೆ, ಸುಮ್ಮನೆ ಯಾಕೆ ರಗಳೆ? ಸವಡಿ ದಾಟಿದರೆ ಸಿಗುವ ಎರೆಭೂಮಿಯ ಸಣ್ಣ ಹಳ್ಳಿ ಅನ್ನಿ, ಸಾಕು. ಐವತ್ತೇಳರ ಬೇಸಿಗೆ. ನಾನು ಅರ್ಜುನಪ್ಪ, ರೋಣ ಠಾಣೆಯ ಹವಾಲ್ದಾರ. ಫೌಜದಾರ ಪ್ರಭುಲಿಂಗಪ್ಪನವರ ಜೊತೆ ಸೈಕಲ್ ತುಳಿದು ಮುಟ್ಟುವಷ್ಟರಲ್ಲಿ ಊರವರೆಲ್ಲ ಕೂಡಿ ತೀರ್ಪು ಕೊಟ್ಟಾಗಿತ್ತು.

"ಮಾಳಪ್ಪನ ಕೆಲಸರಿ ಇದು," ಎಂದರು ಈಶಪ್ಪಗೌಡರು. ಊರಿನ ಪೊಲೀಸ್ ಪಾಟೀಲರು ಅವರೇ, ಸತ್ತವಳ ಮೈದುನನೂ ಅವರೇ. "ಹೂಳು ತಗಿಯಾಕ ಇಳದಾಂವ ಅಂವ. ಹಗ್ಗ ಹರದಿ ಅಂತ ನಮ್ಮ ಅತ್ತಿಗಿ ಬೈದಳು. 'ನಿನ್ನ ಬಾವ್ಯಾಗ ಮಣ್ಣು ಬೀಳ್ಲಿ' ಅಂದು ಹ್ವಾದ. ಇಡೀ ಓಣಿ ಕೇಳೈತಿ."

ಗೌಡರು ಭಾರಿ ಚುರುಕು. ನಾವು ಬರುವ ಮೊದಲೇ ಬಾವಿಯ ನೀರನ್ನು ಎರಡು ಬಾಟಲಿಗೆ ತುಂಬಿ, ಅರಗಿನ ಮುದ್ರೆ ಒತ್ತಿ ಇಟ್ಟಿದ್ದರು. ಒಂದು ಬೆಂಗಳೂರಿಗೆ ಪರೀಕ್ಷೆಗೆ ಹೋಯಿತು. ಇನ್ನೊಂದು ಠಾಣೆಯ ಕಪಾಟು ಸೇರಿತು. ಉತ್ತರ ಬಂತು: ನೀರಿನಲ್ಲಿ ಪಾಷಾಣ. ಕಲ್ಲವ್ವನ ಹೊಟ್ಟೆಯಲ್ಲೂ ಪಾಷಾಣ. ಇನ್ನೇನು ಬೇಕು? ಮಾಳಪ್ಪನನ್ನು ಲಾಕಪ್ಪಿಗೆ ತಳ್ಳಿದೆವು. ಬಾವಿಯ ಸುತ್ತ ಜಾಲಿಮುಳ್ಳು ಬಿತ್ತು.

* * *

ಮಾಳಪ್ಪನ ಹೆಂಡತಿ ಮರಿಯವ್ವ ಠಾಣೆಗೆ ಬಂದಳು. ಸೊಂಟದ ಮೇಲೆ ಮಗಳು. ಕೂಸಿನ ಕಣ್ಣು ಗುಳಿ ಬಿದ್ದಿದ್ದವು.

"ಸಾಹೇಬ್ರ, ವಿಷ ಹಾಕಿದವನ ಹೇಣ್ತಿ ಅಂತ ಯಾ ಬಾವಿಗೂ ನನ್ನ ಬಿಡವಲ್ರು. ಹೊಂಡದ ರಾಡಿ ನೀರು ಸೋಸಿ ಕುಡಸಾಕತ್ತೀನಿ. ಹುಡಿಗಿ ಹೊಟ್ಟಿ ಕೆಟ್ಟೈತಿ. ಲಗೂ ಏನರ ಮಾಡ್ರಿ."

"ದವಾಖಾನಿಗೆ ತೋರಿಸ್ವಾ," ಎಂದೆ.

"ತೋರಿಸೀನ್ರಿ. ಚಲೋ ನೀರು ಕುಡಸು ಅಂದ್ರು. ಎಲ್ಲಿಂದ ತರ್ಲಿ?"

ಫೌಜದಾರರು ಆಗಲೇ ಗೌಡರಿಗೆ ಹೇಳಿ ಕಳಿಸಿದರು, ಇವಳಿಗೆ ನೀರು ಕೊಡಿಸಿರಿ ಅಂತ. ಗೌಡರು "ಆತ್ರಿ" ಅಂದರಂತೆ. ಫೌಜದಾರರು ಮಾತ್ರ ಕುರ್ಚಿಯಲ್ಲಿ ಕೂಡಲಿಲ್ಲ. "ನಡಿ ಅರ್ಜುನಪ್ಪ, ಆ ಬಾವಿ ಇನ್ನೊಮ್ಮೆ ನೋಡೂಣು," ಎಂದರು.

* * *

ಬಾವಿಯ ಒಂದು ಬದಿಯ ಮುಳ್ಳು ಸರಿದಿತ್ತು. ದನ ನೀರು ಕುಡಿಯುವ ಕಲ್ಲುದೋಣಿ ಹಸಿಯಾಗಿತ್ತು. ಸುತ್ತ ಗೊರಸಿನ ಗುರುತು, ಹಸಿ ಸಗಣಿ.

ಕಲ್ಲವ್ವ ಸಾಕಿಕೊಂಡಿದ್ದ ಹೊಳೆವ್ವ ಮನೆಯೊಳಗಿಂದ ಬಂದಳು. ನನಗೆ ಈ ಹುಡುಗಿಯ ಮೇಲೂ ಗುಮಾನಿ ಇತ್ತು. ಹೊಸ ಕಾಯ್ದೆ ಬಂದ ಮೇಲೆ ವಿಧವೆಗೆ ತನ್ನ ಪಾಲು ಬೇಕಾದವರಿಗೆ ಕೊಡುವ ಹಕ್ಕು ಸಿಕ್ಕಿತ್ತು. ಬಾವಿ, ತೋಟ ಎರಡನ್ನೂ ಹೊಳೆವ್ವನಿಗೇ ಕೊಡುತ್ತೇನೆಂದು ಕಲ್ಲವ್ವ ಎಲ್ಲರೆದುರು ಹೇಳಿದ್ದಳು.

"ಇಲ್ಲಿ ಯಾರ ದನ ಬರ್ತಾವು?" ಎಂದರು ಫೌಜದಾರರು.

"ಗೌಡ್ರ ಎತ್ತುರಿ. ಅವರ ಬಾವಿ ಬತ್ತೈತಿ. ದಿನಾ ನಸಿಕಿನ್ಯಾಗ ಗೌಡ್ರ ಮುಂದ ನಿಂತು ಆಳಿನ ಕಡಿಂದ ಕುಡಸ್ತಾರ."

"ವಿಷದ ಬಾವ್ಯಾಗ?"

"ದೊಡ್ಡವರನ್ನ ನಾ ಹ್ಯಾಂಗ ಕೇಳ್ಲಿರಿ?"

ಫೌಜದಾರರು ಒಂದು ಕೊಡ ನೀರು ಸೇದಿಸಿದರು. ಮುಳ್ಳು ಸರಿಸಿ ಕೈ ರಾಡಿಯಾಗಿತ್ತು. ಚೀಲದಿಂದ ಸಾಬೂನು ತೆಗೆದು ತಿಕ್ಕಿದರು, ತಿಕ್ಕಿದರು. ನೊರೆಯೇ ಇಲ್ಲ. ಬೆರಳಿಗೆಲ್ಲ ಬಿಳಿ ಜಿಡ್ಡು.

ಹೊಳೆವ್ವ ನಕ್ಕಳು. "ಸವುಳು ನೀರು ನೋಡ್ರಿ. ನೊರಿ ಬರೂದಿಲ್ಲ, ಬ್ಯಾಳಿ ಬೇಯೂದಿಲ್ಲ. ನಮ್ಮೂರ ಬಾವಿ ಎಲ್ಲಾ ಹಿಂಗ. ಸೀ ನೀರು ಅಂದ್ರ ಗೌಡ್ರ ಮನ್ಯಾಗ ಅಷ್ಟ. ಹೊಳೆಮಣ್ಣೂರಿಂದ ಬಂಡಿ ಮ್ಯಾಲ ಹೊಳಿ ನೀರು ತರಸ್ತಾರ."

ಫೌಜದಾರರು ನಗಲಿಲ್ಲ. ಕೈ ಹಾಗೇ ಹಿಡಿದುಕೊಂಡು ನಿಂತರು.

* * *

ಮರುದಿನ ಮುಂಜಾನೆ ಅದೇ ಬಾವಿಯ ಮುಂದೆ ಊರು ಸೇರಿತು. ಫೌಜದಾರರು ಕಪಾಟಿನ ಬಾಟಲಿ ತಂದಿದ್ದರು. ಪಂಚರ ಕೈಯಲ್ಲೇ ಮುದ್ರೆ ಒಡೆಸಿದರು. ಸಾಬೂನಿನ ಚೂರು ಹಾಕಿ, ಮುಚ್ಚಿ, ಅಲುಗಾಡಿಸಿದರು. ಕುತ್ತಿಗೆಯ ತನಕ ನೊರೆ!

"ಈ ಬಾವಿ ನೀರು ಯಾವಾಗರ ಹಿಂಗ ನೊರಿ ಕೊಟ್ಟೈತೇನು?"

ಹೆಂಗಸರು ಇಲ್ಲವೆಂದು ತಲೆಯಾಡಿಸಿದರು.

"ನಾನ ಕೈಯಾರ ಸೇದಿ ತುಂಬೀನಿ," ಎಂದರು ಗೌಡರು.

"ಗೌಡ್ರು ಹಗ್ಗ ಹಿಡದದ್ದು ಯಾರರ ನೋಡೀರೇನ್ರವಾ?"

ಮುದುಕಿ ಹುಚ್ಚವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಗೌಡ್ರು ನೀರು ಸೇದೂದಾ? ಅಯ್ಯ ನಮ್ಮವ್ವ! ಹೆಣದ ಸುತ್ತ ನಾವ ಕುಂತಿದ್ವಿ. ಸೇದಿದ್ರ ಆ ಸುದ್ದಿ ಸಂಜಿ ಅನ್ನೂದ್ರಾಗ ರಾಜೂರ ಮುಟ್ಟತಿತ್ತರಿ."

ಫೌಜದಾರರು ಬಿಡಿಸಿ ಹೇಳಿದರು. "ಹೆಂಗಸರ ಮುಂದ ಹಗ್ಗ ಹಿಡಿಯೂದು ಗೌಡ್ರಿಗೆ ಮರ್ಯಾದಿ ಅನಸಲಿಲ್ಲ. ಮನ್ಯಾಗ ಹೊಳಿ ನೀರು ತುಂಬಿದ್ರು, ಪಾಷಾಣ ಬೆರಸಿದ್ರು, ಮುದ್ರಿ ಒತ್ತಿದ್ರು. ಬಾವಿಗೆ ಯಾರೂ ಏನೂ ಹಾಕಿಲ್ಲ. ಹೊಳೆವ್ವ, ಹೂಳು ತಗದ ದಿನ ಕಲ್ಲವ್ವ ಏನು ತಿಂದಿದ್ಲು?"

"ನಾ ಅವತ್ತು ಊರಾಗ ಇರಲಿಲ್ಲರಿ. ಬಾವಿಯ ಗಂಗವ್ವನ ಪೂಜಿಗೆ ಎಡಿ ಅಂತ ಗೌಡ್ರ ಮನಿಯಿಂದ ಬೆಲ್ಲದ ಮಾದಲಿ ಬಂದಿತ್ತಂತ. ಬಾವಿ ಒಡತಿ ಮೊದಲ ತಿನಬೇಕಲ್ರಿ..." ಹೊಳೆವ್ವ ಗೌಡರ ಕಡೆ ತಿರುಗಿದಳು.

"ವಿಷ ಮಾದಲ್ಯಾಗ ಇತ್ತು. ಅದರ ಉರಿಗೆ ನೀರು ಬೇಕಾಗಿ ಕಲ್ಲವ್ವ ತಂಬಿಗಿ ಹಿಡದು ಬಾವಿಗೆ ಬಂದು ಬಿದ್ಲು. ಬಾವಿ ಶುದ್ಧ ಐತಿ ಅಂತ ಗೊತ್ತಿದ್ದಾಂವ ಊರಿಗೆಲ್ಲ ಒಬ್ಬನ. ಅದಕ್ಕ ಅವನ ಎತ್ತು ಇಲ್ಲಿ ಕುಡದ್ವು."

ಗೌಡ ಒಮ್ಮೆಲೇ ಒದರಿದ. "ನಮ್ಮ ಹಿರ್ಯಾರು ತೋಡಿಸಿದ ಬಾವಿ ಇದು! ಯಾರೋ ಹುಡಿಗಿ ಪಾಲಾಗಬೇಕೇನು? ಬಾವಿಗೆ ವಿಷ ಹಾಕಿದ್ರ ನನ್ನ ಎತ್ತು ಎಲ್ಲಿ ಕುಡೀಬೇಕಿತ್ತು?"

ಕೈಕೋಳ ನಾನೇ ತೊಡಿಸಿದೆ.

* * *

ಮಧ್ಯಾಹ್ನ ಮಾಳಪ್ಪನನ್ನು ನನ್ನ ಸೈಕಲ್ ಮೇಲೆ ಕೂರಿಸಿಕೊಂಡು ಮನೆಗೆ ಬಿಟ್ಟೆ. ದಾರಿಯುದ್ದಕ್ಕೂ ಮಗಳ ಮಾತೇ ಆಡಿದ.

ಗುಡಿಸಲಿನ ಮುಂದೆ ಜನ ನಿಂತಿದ್ದರು. ಕೂಸು ನಸುಕಿನಲ್ಲೇ ತೀರಿಕೊಂಡಿತ್ತು, ಮಣ್ಣೂ ಮಾಡಿದ್ದರು, ಬಾವಿಯ ಹತ್ತಿರವಿದ್ದ ನಮಗೆ ಯಾರೂ ಹೇಳಿರಲಿಲ್ಲ. ಮೂಲೆಯ ಗಡಿಗೆಯಲ್ಲಿ ಹೊಂಡದ ರಾಡಿ ನೀರು ಇನ್ನೂ ಅರ್ಧ ಇತ್ತು. ಅದನ್ನು ಯಾರೂ ಬಾಟಲಿಗೆ ತುಂಬಿ ಬೆಂಗಳೂರಿಗೆ ಕಳಿಸಿರಲಿಲ್ಲ. ಗೌಡ "ಆತ್ರಿ" ಅಂದವನು ಒಂದು ಕೊಡವನ್ನೂ ಕೊಡಿಸಿರಲಿಲ್ಲ.

ಓಣಿಯ ಹೆಂಗಸರು ಈಗ ತುಂಬಿದ ಕೊಡಗಳನ್ನು ಒಬ್ಬೊಬ್ಬರಾಗಿ ತಂದು ಬಾಗಿಲಲ್ಲಿ ಇಳಿಸುತ್ತಿದ್ದರು. ಮರಿಯವ್ವ ಅಳಲಿಲ್ಲ. ಕೊಡಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಗೌಡ್ರ ಎತ್ತಿಗೆ ಸಿಕ್ಕ ನೀರು ನನ್ನ ಮಗಳಿಗೆ ಸಿಗಲಿಲ್ಲಲ್ರಿ," ಎಂದಳು.