ಖಾಲಿ ಬಿಟ್ಟಿದ್ದ ಒಂಬತ್ತು ಹಾಳೆ

ಕಾರ್ಖಾನೆಯ ಯಜಮಾನ ರಾಬೆ, ಈರುಳ್ಳಿ ಮತ್ತು ನಾತದ ಚೀಸು ತಿಂದ ಬೆರಳಲ್ಲೇ ಹೊಸ ಅಕ್ಷರ ಬಿಡಿಸಿದ್ದ ಹಾಳೆ ಎತ್ತಿಕೊಂಡ. ಹಸಿ ಮಸಿಯ ಅಕ್ಷರದ ಬಾಲದ ಮೇಲೆ ಎಣ್ಣೆ ಇಳಿಯಿತು. ಅದನ್ನು ಬಿಡಿಸಿದ್ದ ಅನ್ಸೆಲ್ಮ್ ವುರ್ಟ್ಸ್ ಮುಖ ತಿರುಗಿಸಿದ.

"ನೋಡ್ರಪ್ಪಾ, ನಮ್ಮ ಹೊಸ ಅಕ್ಷರ! ಭರ್ತಿ ಊಟ ಮಾಡಿದ ಪಾದ್ರಿ ನಡೆದ ಹಾಗಿದೆ. ದಪ್ಪ ಇದ್ರೂ ಏನು ಗತ್ತು!" ಎಂದು ರಾಬೆ ಗಿರಾಕಿಗಳ ಮುಂದೆ ತೇಗಿದ.

ನಮ್ಮ ಅಕ್ಷರವಂತೆ! ಆಫೆನ್‌ಬಾಖ್ ಊರಿನ ಆ ಅಚ್ಚುಮೊಳೆ ಕಾರ್ಖಾನೆಯಲ್ಲಿ ಅನ್ಸೆಲ್ಮ್ ಹನ್ನೊಂದು ವರ್ಷದಿಂದ ಬಿಡಿಸಿದ್ದೆಲ್ಲ ರಾಬೆಯ ಹೆಸರಿನಲ್ಲೇ ಹೊರಬಿದ್ದಿತ್ತು. ಅತ್ತರಿನ ಡಬ್ಬಿ, ಮದುವೆಯ ಕರೆಯೋಲೆ, ವೈನಿನ ಸೀಸೆ, ಎಲ್ಲೆಲ್ಲೂ ಅವನ ಅಕ್ಷರ, ಈ ಹಂದಿಯ ಹೆಸರು. ಈ ದಪ್ಪ ಕೂಡುಬರಹವೂ ಅದೇ ದಾರಿ ಹಿಡಿಯುತ್ತದೆ. ಹಿಡಿಯಲಿ. ಆದರೆ ಈ ಸಲ ಊರೇ ರಾಬೆಯ ಮುಖಕ್ಕೆ ಉಗಿಯಬೇಕು.

ನಗರ ಗ್ರಂಥಾಲಯದಲ್ಲಿ ಇನ್ನೂರು ವರ್ಷ ಹಿಂದಿನ ಬರವಣಿಗೆ ಮೇಷ್ಟ್ರೊಬ್ಬನ ಕೈಬರಹದ ಪುಸ್ತಕವಿತ್ತು. ಯಾರೂ ಮುಟ್ಟಿದ್ದಲ್ಲ. ಕೊನೆಯ ಒಂಬತ್ತು ಹಾಳೆ ಖಾಲಿ. ಅನ್ಸೆಲ್ಮ್ ಅದನ್ನು ಕೋಟಿನೊಳಗೆ ಸೇರಿಸಿಕೊಂಡು ತಂದ. ಕಾಗದ ಅಸಲಿಯಾದ್ದರಿಂದ ಅರ್ಧ ಕೆಲಸ ಆಗಲೇ ಮುಗಿದಿತ್ತು. ಓಕ್ ಮರದ ಗಂಟುಕಾಯಿ ಕುದಿಸಿ ಹಳೆಯ ಕಾಲದ ಮಸಿ ಮಾಡಿದ. ಬಾತುಗರಿಯ ಮೊನೆ ಅಗಲವಾಗಿ ಕೆತ್ತಿ, ತನ್ನದೇ ಅಕ್ಷರಗಳನ್ನು ಆ ಹಾಳೆಗಳ ಮೇಲೆ ಇಳಿಸಿದ. ಅಲ್ಲಲ್ಲಿ ಮುದುಕನ ಕೈ ನಡುಗಿದಂತೆ ಗೆರೆ ಅಲುಗಿಸಿದ. ಬಿಸಿ ಇಸ್ತ್ರಿಪೆಟ್ಟಿಗೆ ಆಡಿಸಿ ಮಸಿಯನ್ನು ಕಂದಾಗಿಸಿದ. ವಾರದೊಳಗೆ ಪುಸ್ತಕ ತನ್ನ ಕಪಾಟಿಗೆ ಮರಳಿತು. ಗ್ರಂಥಪಾಲಕಿ ಲಾಮ್ ಅವರಿಗೆ ಟೈಪು ಮಾಡಿದ, ಸಹಿಯಿಲ್ಲದ ಪತ್ರವೊಂದು ಹೋಯಿತು: ರಾಬೆಯ ಹೊಸ ಅಕ್ಷರವನ್ನು ಆ ಪುಸ್ತಕದ ಕೊನೆಯ ಹಾಳೆಗಳೊಂದಿಗೆ ಹೋಲಿಸಿ ನೋಡಿ. ತನ್ನ ಕೈಚಳಕಕ್ಕೆ ಅವನೇ ತಲೆದೂಗಿದ.

ಹೊಸ ಅಕ್ಷರ ಬಿಡುಗಡೆಯಾದ ಮಧ್ಯಾಹ್ನ, ಸೇಬಿನ ಮದ್ಯದ ಲೋಟಗಳನ್ನು ಸರಿಸಿ ಲಾಮ್ ಆ ಪುಸ್ತಕವನ್ನು ಹೊಸ ಅಕ್ಷರದ ಮಾದರಿ ಪುಸ್ತಕದ ಪಕ್ಕದಲ್ಲಿ ತೆರೆದಿಟ್ಟರು.

"ರಾಬೆಯವರೇ, ಏನ್ರೀ ಇದು? ಸತ್ತವನ ಜೇಬಿಗೂ ಕೈ ಹಾಕ್ಬಿಟ್ರಾ?"

ಬಂದಿದ್ದ ಮುದ್ರಕರೆಲ್ಲ ಬಗ್ಗಿ ಎರಡನ್ನೂ ಹೋಲಿಸಿದರು. ಯಾರೋ "ಥೂ" ಎಂದರು. ಅನ್ಸೆಲ್ಮ್ ಲೋಟದ ಮರೆಯಲ್ಲಿ ನಗು ಅಡಗಿಸಿಕೊಂಡು ಯಜಮಾನನ ಮುಖ ಬಾಡುವುದನ್ನೇ ಕಾದ.

ಮುಖವೇನೋ ಬಾಡಿತು. ಆದರೆ ರಾಬೆ ತಿರುಗಿ ನೋಡಿದ್ದು ಅನ್ಸೆಲ್ಮ್‌ನ ಕಡೆಗೆ. "ಇದೊಂದಾದ್ರೂ ನಿನ್ನ ಹೆಸರಲ್ಲೇ ಬರ್ಲಿ ಅಂದ್ಕೊಂಡೆನಲ್ಲೋ! ಕದ್ದ ಮಾಲು ತಂದು ಕೊಟ್ಯಾ? ಹೇಸಿಗೆ ಆಗಲ್ವಾ ನಿಂಗೆ?" ಎನ್ನುತ್ತ ಮಾದರಿ ಪುಸ್ತಕವನ್ನು ಎತ್ತಿ ಅವನ ಮುಂದೆ ಎಸೆದ. ಪಕ್ಕದಲ್ಲಿದ್ದವರು ಕೊಳಕು ಮೆಟ್ಟಿದವರಂತೆ ಅನ್ಸೆಲ್ಮ್‌ನಿಂದ ದೂರ ಸರಿದರು. ಹಳೆಯ ಹಾಳೆಗಳೇ ಖೋಟಾ ಎಂದರೆ ಜೈಲು, ಸುಮ್ಮನಿದ್ದರೆ ಕಳ್ಳ. ಅವನು ಮುಂದೆ ಬಿದ್ದದ್ದನ್ನು ಎಳೆದುಕೊಂಡು ತೆರೆದ. ಆ ಮಾದರಿ ಪುಸ್ತಕದ ಕರಡನ್ನು ಪುಟಪುಟವಾಗಿ ತಿದ್ದಿದ್ದವನು ಅವನೇ. ಹೆಸರಿನ ಪುಟವೊಂದನ್ನು ಮಾತ್ರ ನೋಡಿರಲಿಲ್ಲ. ಅದನ್ನು ಎಲ್ಲ ಮುಗಿದ ಮೇಲೆ, ಕೊನೆಗೆ ಅಚ್ಚು ಹಾಕುತ್ತಾರೆ. ಇನ್ನೂ ಮಸಿ ಆರದ ಆ ಪುಟದ ನಡುವೆ, ಅವನದೇ ದಪ್ಪ ಕೂಡುಬರಹದಲ್ಲಿ, ಹೀಗಿತ್ತು: ಅಕ್ಷರ ಬಿಡಿಸಿದವರು, ಅನ್ಸೆಲ್ಮ್ ವುರ್ಟ್ಸ್.