ಸರ್ವೆಯಲ್ಲಿ ಖಾಲಿಯಾದ ಮನೆ

ಹಳೇ ಬಂದರಿನ ಪೇಟೆಯನ್ನು ಪಾರಂಪರಿಕ ಬೀದಿಯಾಗಿಸುವ ನಕ್ಷೆ ನಾನೇ ಬರೆದದ್ದು. ಹೊಸ ಕಾಲುದಾರಿಗೆ ಅಡ್ಡ ಬಂದ ಹಂಚಿನ ಮನೆಯೊಂದನ್ನು ಸರ್ವೆ ಹಾಳೆಯಲ್ಲಿ ‘ಖಾಲಿ’ ಎಂದು ಬರೆದೆ. ಜಗಲಿಯಲ್ಲಿ ಒಣಮೆಣಸಿನ ತೊಟ್ಟು ಮುರಿಯುತ್ತಿದ್ದ ಸಫಿಯಾ ಅಜ್ಜಿ, “ನಾನು ಕೂತದ್ದು ಕಾಣುದಿಲ್ವಾ ಸಾರ್? ಆಯ್ತು, ನೋಡುವ” ಎಂದರು. ಮನೆ ಕೆಡವಿದ ವಾರವೇ ತೀರಿಕೊಂಡರು.

ಮೊನ್ನೆ ಶನಿವಾರ ಬೆಳಿಗ್ಗೆ ಕಾಟಿಪಳ್ಳದ ನಮ್ಮ ಮನೆಯೊಳಗೆ ಮೆಣಸಿನ ಘಾಟು ಎದ್ದಿತು. ಕೆಮ್ಮುತ್ತಾ ಬಾಗಿಲು ತೆರೆದರೆ, ಗಣತಿಗೆ ಬಂದ ಟೀಚರ್ ನನ್ನೆದುರೇ ನಿಂತು ಪಕ್ಕದ ಮನೆಯ ವಿಭಾಳನ್ನು ಕೇಳಿದರು.

“ಇಲ್ಲಿ ಎಷ್ಟು ಜನ ಇದ್ದಾರೆ?”

“ಗಿರಿಜಕ್ಕ ಒಬ್ಬರೇ.”

“ನಾನು ಇದ್ದೇನಲ್ಲ ಮಾರಾಯ್ರೆ!” ಎಂದು ಕೂಗಿದೆ. ಟೀಚರ್ ‘ಒಬ್ಬರು’ ಎಂದು ಬರೆದುಕೊಂಡು ಹೋದರು.

ಮಧ್ಯಾಹ್ನ ಕೆಲಸದಿಂದ ಬಂದ ನನ್ನ ಹೆಂಡತಿ ಗಿರಿಜಾ, ನೆಲದ ಮೇಲೆ ಬಿದ್ದಿದ್ದ ಮೆಣಸಿನ ತೊಟ್ಟುಗಳನ್ನು ಗುಡಿಸಿ, ಊಟಕ್ಕೆ ಒಂದೇ ತಟ್ಟೆ ಇಟ್ಟಳು.